ಇದು ಇಲ್ಲಿನ ಗಿಡವಾ, ಅಮ್ಮಾ?

"ಅಮ್ಮಾ, ಸ್ಕೂಲ್ ಗೇಟ್ ಹತ್ರ ಕನ್ನಡ ಮಾತಾಡ್ಬೇಡ, ಪ್ಲೀಸ್."

ಈ ಮಾತು ನಿಮ್ಮ ಮನೆಯಲ್ಲೂ ಕೇಳಿಬಂದಿದ್ದರೆ ಆಗ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಗಳಿಗೆ ಆಗ ಒಂಬತ್ತು ವರ್ಷ. ನಾವಿರುವುದು ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ, ಬಾಸ್ಟನ್ ಪಟ್ಟಣದ ಹತ್ತಿರ. ಅಮೆರಿಕದ ಬಾಸ್ಟನ್ ಅಲ್ಲ, ಅದಕ್ಕೆ ತನ್ನ ಹೆಸರು ಕೊಟ್ಟ ಹಳೆಯ ಬಾಸ್ಟನ್. ನಮ್ಮ ಬೀದಿಯಲ್ಲಿ ಕನ್ನಡದ ಮನೆ ನಮ್ಮದೊಂದೇ.

ಯಾಕೆ ಎಂದು ಕೇಳಿದೆ. ಹೇಳಲಿಲ್ಲ. ಎರಡು ದಿನ ಬಿಟ್ಟು ರಾತ್ರಿ ಮಲಗುವಾಗ ತಾನಾಗಿಯೇ ಬಾಯಿಬಿಟ್ಟಳು. ತರಗತಿಯ ಹುಡುಗಿಯೊಬ್ಬಳು ನೀನು ಎಲ್ಲಿಯವಳು ಎಂದು ಕೇಳಿದ್ದಳಂತೆ. ಇವಳು ಬಾಸ್ಟನ್ ಅಂದಿದ್ದಾಳೆ. "ಅಲ್ಲ, ನಿಜವಾಗಿ ಎಲ್ಲಿಯವಳು?" ಎಂದು ಮತ್ತೆ ಕೇಳಿದ್ದಾಳೆ ಆ ಹುಡುಗಿ. ಇಲ್ಲೇ ಹುಟ್ಟಿದ ಮಗುವಿಗೆ ಎರಡನೇ ಉತ್ತರ ಹೊಳೆದಿಲ್ಲ.

ನನಗೂ ಆ ರಾತ್ರಿ ಹೊಳೆಯಲಿಲ್ಲ. ಉತ್ತರದಂಥದ್ದೊಂದು ಸಿಕ್ಕಿದ್ದು ತಿಂಗಳಾದ ಮೇಲೆ, ಒಂದು ಗಿಡದಿಂದ. ಅದನ್ನು ನಿಮಗೆ ಹೇಳೋಣ ಅನ್ನಿಸಿತು.

ಶಾಲೆಯಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ದರು. ನಿಮ್ಮ ಊರಿನ ಅಪರೂಪದ ಪ್ರಾಣಿಯನ್ನೋ ಗಿಡವನ್ನೋ ಕುರಿತು ಒಂದು ಪೋಸ್ಟರ್ ಮಾಡಬೇಕು. ಮಿಕ್ಕ ಮಕ್ಕಳು ಗೂಬೆ, ಸೀಲ್ ಎಂದು ಆರಿಸಿಕೊಂಡಾಗಿತ್ತು. ನಾನು ಬಿಎಸ್‌ಸಿಯಲ್ಲಿ ಸಸ್ಯಶಾಸ್ತ್ರ ಓದಿದವಳು. ಬಾಸ್ಟನ್ ಸುತ್ತಲಿನ ಅಪರೂಪದ ಗಿಡಗಳ ಪಟ್ಟಿ ನೋಡುತ್ತಿದ್ದಾಗ ಒಂದು ಹೆಸರು ಕಣ್ಣಿಗೆ ಬಿದ್ದು ಕೂತಲ್ಲೇ ನಗು ಬಂತು: ಈಕ್ವಿಸೀಟಮ್ ರಾಮೊಸಿಸ್ಸಿಮಮ್.

ನೀವು ಕರ್ನಾಟಕದಲ್ಲಿ ಸಸ್ಯಶಾಸ್ತ್ರ ಓದಿದ್ದರೆ ನಿಮಗೂ ನಗು ಬಂದೀತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬ್ಲೇಡಿನಿಂದ ಕಾಂಡವನ್ನು ತೆಳ್ಳಗೆ ಕೊಯ್ದು, ಸ್ಲೈಡಿನ ಮೇಲಿಟ್ಟು, ನಡುವಿನ ದೊಡ್ಡ ತೂತು, ಸುತ್ತಲಿನ ಸಣ್ಣ ತೂತುಗಳನ್ನೆಲ್ಲ ಚಿತ್ರ ಬರೆದು ಹೆಸರು ಬರೆಯುತ್ತಿದ್ದೆವಲ್ಲ, ಅದೇ ಈಕ್ವಿಸೀಟಮ್. ಲ್ಯಾಟಿನ್‌ನಲ್ಲಿ ಈಕ್ವಸ್ ಅಂದರೆ ಕುದುರೆ, ಸೀಟ ಅಂದರೆ ಒರಟು ಕೂದಲು. ಇಂಗ್ಲಿಷಿನಲ್ಲಿ ಹಾರ್ಸ್‌ಟೇಲ್. ನಮ್ಮ ಮನೆಯಲ್ಲಿ ನಾವು ಅದಕ್ಕೆ ಕುದುರೆಬಾಲ ಎಂದು ಹೆಸರಿಟ್ಟುಕೊಂಡಿದ್ದೇವೆ.

ಇದು ಹೂ ಬಿಡದ, ಬೀಜವಿಲ್ಲದ ಗಿಡ. ಜರೀಗಿಡಗಳ ಹತ್ತಿರದ ಸಂಬಂಧಿ. ಎಲೆ ಇದೆ ಅನ್ನುವುದೂ ಕಷ್ಟ. ಪ್ರತಿ ಗಂಟಿನಲ್ಲೂ ಹಲ್ಲುಹಲ್ಲಾದ ಒಂದು ಪುಟ್ಟ ಪಟ್ಟಿ ಇರುತ್ತದೆ, ಎಲೆಗಳಲ್ಲಿ ಉಳಿದಿರುವುದು ಅಷ್ಟೇ. ಆಹಾರ ತಯಾರಿಸುವ ಕೆಲಸವೆಲ್ಲ ಹಸಿರು ಕಾಂಡದ್ದು. ಕಾಂಡದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಕೈಗೆ ಒರಟು. ಯೂರೋಪಿನಲ್ಲಿ ಇದರ ಒಂದು ಜಾತಿಯಿಂದ ಪಾತ್ರೆ ತಿಕ್ಕುತ್ತಿದ್ದರು. ಸುಮಾರು 30 ಕೋಟಿ ವರ್ಷಗಳ ಹಿಂದೆ ಇದರ ಬಳಗದ ಗಿಡಗಳು 20 ಮೀಟರಿಗೂ ಎತ್ತರದ ಮರಗಳಾಗಿ ಜೌಗು ಕಾಡುಗಳಲ್ಲಿ ನಿಂತಿದ್ದವು. ಇವತ್ತಿನ ಕಲ್ಲಿದ್ದಲಿನಲ್ಲಿ ಅವುಗಳದ್ದೂ ಪಾಲಿದೆ.

ಮಗಳಿಗೆ ಮೊದಲು ಇದ್ಯಾವುದೂ ಹಿಡಿಸಲಿಲ್ಲ. "ಹೂವೇ ಇಲ್ವಾ? ಬೋರಿಂಗ್" ಅಂದಳು. ನಾನು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ನಮ್ಮ ಹಿತ್ತಲಲ್ಲಿ ಈ ಬಳಗದ ಇನ್ನೊಂದು ಜಾತಿ, ಮಾಮೂಲಿ ಹೊಲದ ಕುದುರೆಬಾಲ, ಬೇಡವೆಂದರೂ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ ತೋಟ ಇಟ್ಟುಕೊಂಡಿರುವವರಿಗೆ ಇದು ಕಡುಶತ್ರು. ನಮ್ಮ ಮನೆಯವರು ಎರಡು ವರ್ಷದಿಂದ ಕೀಳುತ್ತಲೇ ಇದ್ದಾರೆ, ಅದು ಬರುತ್ತಲೇ ಇದೆ. ಒಂದು ಕಾಂಡ ಕಿತ್ತು ಅವಳ ಕೈಗೆ ಕೊಟ್ಟೆ. ಎಳೆದಾಗ ಗಂಟಿನ ಹತ್ತಿರ ಟಪ್ಪನೆ ಬಿಟ್ಟುಕೊಂಡಿತು. ಮತ್ತೆ ಸೇರಿಸಿದಾಗ ಕೂತಿತು. ಬೋರಿಂಗ್ ಅಂದಿದ್ದು ಅಲ್ಲಿಗೆ ಮರೆತುಹೋಯಿತು.

ಆ ಭಾನುವಾರ ಸಕಲೇಶಪುರದ ನಮ್ಮಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. ಯಾವಾಗಲೂ "ಊಟ ಆಯ್ತಾ ಅಜ್ಜಿ, ಚೆನ್ನಾಗಿದೀನಿ ಅಜ್ಜಿ" ಎಂದು ಫೋನ್ ನನ್ನ ಕೈಗೆ ಕೊಡುವವಳು ಅವತ್ತು ಗಿಡದ ಸುದ್ದಿ ತೆಗೆದಳು. ಕ್ಯಾಮೆರಾ ಮಸುಕು, ಅಮ್ಮನಿಗೆ ಏನೂ ಕಾಣುತ್ತಿಲ್ಲ.

"ಹೆಂಗಿದೆ ಅದು? ಬಾಯಲ್ಲಿ ಹೇಳು ಪುಟ್ಟಿ."

"ಅಜ್ಜಿ, ಎಲೆ ಇಲ್ಲ. ಉದ್ದ. ಬಿದಿರಿನ ತರ ಜಾಯಿಂಟ್ ಜಾಯಿಂಟ್."

"ಗಂಟು ಗಂಟು ಅನ್ನು."

"ಹಾಂ, ಗಂಟು ಗಂಟು. ಒಳಗೆ ಏನೂ ಇಲ್ಲ."

"ಟೊಳ್ಳು."

"ಟೊಳ್ಳು. ಮುಟ್ಟಿದ್ರೆ ಸ್ಮೂತ್ ಅಲ್ಲ."

"ಒರಟು. ಎಳೆದ್ರೆ ಬಿಟ್ಕೊಳ್ಳುತ್ತೆ ಅಂದ್ಯಲ್ಲ, ಹಂಗಾರೆ ಸರ್ವೆ ಮರದ ಸೊಪ್ಪಿನ ತರ ಕಣೇ! ನಾವು ಅದನ್ನ ಎಳೆದು, ಮತ್ತೆ ಸೇರಿಸಿ, ಎಲ್ಲಿ ಕಿತ್ತಿದ್ದು ಹೇಳು ಅಂತ ಆಡ್ತಿದ್ವಿ."

ಅಮ್ಮ ಸಸ್ಯಶಾಸ್ತ್ರ ಓದಿದವರಲ್ಲ. ಆದರೆ ನಮ್ಮ ಕರಾವಳಿಯ ಮರಳಿನಲ್ಲಿ ಸಾಲಾಗಿ ನಿಂತಿರುವ ಸರ್ವೆ ಮರದ, ಅಂದರೆ ಗಾಳಿಮರದ, ಶಾಸ್ತ್ರೀಯ ಹೆಸರೇ ಕ್ಯಾಸುರಿನಾ ಈಕ್ವಿಸೆಟಿಫೋಲಿಯಾ. ಈಕ್ವಿಸೀಟಮ್‌ನಂಥ ಎಲೆಯದ್ದು ಎಂದು ಅರ್ಥ. ಎರಡಕ್ಕೂ ನೆಂಟಸ್ತಿಕೆ ಏನೂ ಇಲ್ಲ, ನೋಟ ಮಾತ್ರ ಒಂದೇ. ಹೆಸರಿಟ್ಟ ವಿಜ್ಞಾನಿಗಳು ಕಂಡದ್ದನ್ನೇ ಅಜ್ಜಿ ಬರೀ ಮಾತು ಕೇಳಿ ಕಂಡುಹಿಡಿದಿದ್ದರು. ಮೊಮ್ಮಗಳಿಗೆ ಅದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು ನೀವು.

ಇನ್ನು ಅಪರೂಪದ ಗಿಡಕ್ಕೆ ಬರೋಣ. ಈಕ್ವಿಸೀಟಮ್ ರಾಮೊಸಿಸ್ಸಿಮಮ್‌ಗೆ ಇಲ್ಲಿ ಬ್ರಾಂಚ್ಡ್ ಹಾರ್ಸ್‌ಟೇಲ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಇದು ಬೆರಳೆಣಿಕೆಯ ತಾಣಗಳಲ್ಲಿ ಮಾತ್ರ ಇದೆ. 1947ರಲ್ಲಿ ಮೊದಲು ಕಂಡದ್ದು ನಮ್ಮ ಬಾಸ್ಟನ್ನಿನ ಹತ್ತಿರದ ನದಿಯ ಹುಲ್ಲುದಂಡೆಯಲ್ಲಿ. ಆಮೇಲೆ 1963ರಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಸಾಮರ್‌ಸೆಟ್‌ನ ಸಮುದ್ರತೀರದಲ್ಲಿ ಸಿಕ್ಕಿತು. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ 8ನೇ ಅನುಸೂಚಿಯಲ್ಲಿ ಇದರ ಹೆಸರಿದೆ. ಬೇಕೆಂದೇ ಇದನ್ನು ಕಿತ್ತರೆ, ಒಂದು ಕಾಂಡ ಮುರಿದರೂ ಸರಿ, ಅಪರಾಧ. ಹಿತ್ತಲಲ್ಲಿ ಕಿತ್ತೆಸೆಯುವ ಬಳಗದ ಒಂದು ಜಾತಿಗೆ ನದಿದಂಡೆಯಲ್ಲಿ ಕಾನೂನಿನ ಕಾವಲು!

ನಾವು ನೋಡಲು ಹೊರಟೆವು. ಮೊದಲ ಸಲ ಕಾಲುದಾರಿಯಲ್ಲಿ ಒಂದು ಗಂಟೆ ನಡೆದು, ಸಿಕ್ಕಿತು ಎಂದು ಕುಣಿದು, ಫೋಟೋ ತೆಗೆದುಕೊಂಡು ಬಂದೆವು. ಈ ಜಿಲ್ಲೆಯ ಗಿಡಗಳ ದಾಖಲೆ ಇಡುವ ಸ್ವಯಂಸೇವಕರೊಬ್ಬರಿಗೆ ಕಳಿಸಿದರೆ ಬಹಳ ಸೌಜನ್ಯದ ಉತ್ತರ ಬಂತು: ಅದು ನಿಮ್ಮ ಹಿತ್ತಲಿನದ್ದೇ. ಬಿಎಸ್‌ಸಿಯಲ್ಲಿ ಬಂದ ಅಂಕಗಳನ್ನು ಮನೆಯಲ್ಲಿ ಮತ್ತೆ ಎತ್ತಬಾರದು ಎಂದು ಅವತ್ತೇ ತೀರ್ಮಾನವಾಯಿತು.

ಎರಡನೇ ಸಲ ಭೂತಗನ್ನಡಿ ಹಿಡಿದು, ಏನು ನೋಡಬೇಕೆಂದು ಓದಿಕೊಂಡು ಹೋದೆವು. ಮಾಮೂಲಿ ಕುದುರೆಬಾಲದಲ್ಲಿ ಪ್ರತಿ ಗಂಟಿನ ಸುತ್ತ ಕವಲುಗಳು ಒತ್ತಾಗಿ, ಒಪ್ಪವಾಗಿ ಇರುತ್ತವೆ. ಇದರಲ್ಲಿ ಕವಲುಗಳು ವಿರಳ, ಒಂದು ಗಂಟಿನಲ್ಲಿ ಎರಡಿದ್ದರೆ ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಮಾಮೂಲಿಯದ್ದರಲ್ಲಿ ಬೀಜಾಣು ಹೊರುವ ಕಂದುಬಣ್ಣದ ಕಾಂಡವೇ ಬೇರೆ, ವಸಂತದ ಆರಂಭದಲ್ಲಿ ಬಂದು ಬಾಡಿಹೋಗುತ್ತದೆ. ಇದರಲ್ಲಿ ಹಸಿರು ಕಾಂಡದ ತುದಿಯಲ್ಲೇ ಪುಟ್ಟ ಶಂಕು, ಅದರ ನೆತ್ತಿ ಚೂಪು. ಎತ್ತರದ ಹುಲ್ಲಿನ ನಡುವೆ ಕೆಲವೇ ಕಾಂಡಗಳು ಕಂಡವು. ಗೊತ್ತಿಲ್ಲದವರು ತುಳಿದುಕೊಂಡೇ ಹೋಗಬಹುದು, ಅಷ್ಟು ಸಾದಾ.

ಅಲ್ಲೇ ಕೂತು ಓದಿದ್ದನ್ನು ಹೇಳಿದೆ. ಈ ಗಿಡ ಇಂಗ್ಲೆಂಡಿನದ್ದೇ ಅಥವಾ ಹೊರಗಿನಿಂದ ಬಂದದ್ದೇ ಎಂದು ಸಸ್ಯಶಾಸ್ತ್ರಜ್ಞರಲ್ಲಿ ಚರ್ಚೆ ಇದೆ. ಬಾಸ್ಟನ್ ಹಳೆಯ ಬಂದರು. ಹಡಗುಗಳ ಜೊತೆ ಬಂದಿರಬಹುದು ಎಂಬುದು ಒಂದು ಊಹೆ.

ಮಗಳು ತಲೆ ಎತ್ತಿದಳು. "ಹಾಗಾದ್ರೆ ಇದು ಇಲ್ಲಿನ ಗಿಡವಾ, ಅಮ್ಮಾ? ಅಲ್ವಾ?"

ಪ್ರಶ್ನೆ ಗಿಡದ ಬಗ್ಗೆ ಮಾತ್ರ ಅಲ್ಲ ಎಂದು ನನಗೆ ಗೊತ್ತಾಯಿತು. ಅವಸರದಲ್ಲಿ ನೀತಿಪಾಠ ಹೇಳಬಾರದು ಎಂದು ತಡೆದುಕೊಂಡು, ಗೊತ್ತಿದ್ದಷ್ಟನ್ನೇ ಹೇಳಿದೆ. ಇದೇ ಜಾತಿ ದಕ್ಷಿಣ ಯೂರೋಪಿನಲ್ಲಿದೆ, ಆಫ್ರಿಕಾದಲ್ಲಿದೆ, ಏಷ್ಯಾದ ಉದ್ದಗಲಕ್ಕೂ ಇದೆ. ಹೊಳೆದಂಡೆಯ ಮರಳು, ಜಲ್ಲಿ, ಒದ್ದೆ ಮಣ್ಣು ಇದಕ್ಕೆ ಇಷ್ಟ. ಇದರ ಒಂದು ಉಪಜಾತಿ ಹಿಮಾಲಯದಿಂದ ನೀಲಗಿರಿಯವರೆಗೂ ಬೆಳೆಯುತ್ತದೆ. ಕಾಲೇಜಿನಿಂದ ಊಟಿಗೆ ಸ್ಟಡಿ ಟೂರ್ ಹೋಗಿದ್ದಾಗ ತೊರೆಯ ಅಂಚಿನಲ್ಲಿ ಇದನ್ನು ಕೈತುಂಬ ಕಿತ್ತು ಹರ್ಬೇರಿಯಂ ಹಾಳೆಗೆ ಅಂಟಿಸಿದವಳು ನಾನೇ. ಅಮೆರಿಕದ ಆಗ್ನೇಯ ರಾಜ್ಯಗಳಿಗೆ ಹೊರಗಿನಿಂದ ಹೋಗಿ ಅಲ್ಲಿ ಕಳೆಯೆನಿಸಿಕೊಂಡಿದೆ. ಒಂದೇ ಗಿಡ ಒಂದು ಕಡೆ ಮಾಮೂಲಿ, ಒಂದು ಕಡೆ ಕಾಟ, ಒಂದು ಕಡೆ ಅಪರೂಪ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಎಲ್ಲಿಂದ ಬಂತು ಅಂತ ಗೊತ್ತಿಲ್ದೇನೂ ಪ್ರೊಟೆಕ್ಟ್ ಮಾಡಿದ್ದಾರಾ?"

"ಹೂಂ."

"ಗುಡ್," ಅಂದು ಮತ್ತೆ ಭೂತಗನ್ನಡಿಗೆ ಕಣ್ಣು ಹಚ್ಚಿದಳು. ನಾನು ಮುಂದೆ ಏನೂ ಹೇಳಲಿಲ್ಲ. ಹೇಳಬೇಕಾದ್ದು ಉಳಿದಿರಲಿಲ್ಲ.

ಮನೆಗೆ ಬಂದ ಮೇಲೆ ನಾನು ಇನ್ನೊಂದು ದಿಕ್ಕಿನಲ್ಲಿ ಯೋಚಿಸಿದೆ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು 4.37 ಕೋಟಿ. ಅಷ್ಟು ಜನರ ಭಾಷೆ ನಮ್ಮ ಬೀದಿಗೆ ಬಂದಾಗ ಒಂದೇ ಮನೆಯದ್ದು. ಊಟಿಯಲ್ಲಿ ಕೈತುಂಬ ಕಿತ್ತರೂ ಏನೂ ಆಗದ ಗಿಡ ಇಲ್ಲಿ ಒಂದು ಜೆಸಿಬಿ ದಂಡೆ ಅಗೆದರೆ ಮುಗಿಯಿತು. ಹೀಗೆ ಅಂಚಿನಲ್ಲಿರುವ ಗಿಡ ಉಳಿಯುವ ಬಗೆಯನ್ನೂ ನೋಡಿ. ಕುದುರೆಬಾಲದ ಬೀಜಾಣುಗಳ ಆಯಸ್ಸು ಬಹಳ ಕಡಿಮೆ. ತೇವದ ಬರಿಮಣ್ಣು ಬೇಗ ಸಿಗದಿದ್ದರೆ ಸತ್ತುಹೋಗುತ್ತವೆ. ಅದನ್ನು ವರ್ಷದಿಂದ ವರ್ಷಕ್ಕೆ ಉಳಿಸುವುದು ಶುಂಠಿ, ಅರಿಶಿನದ ಹಾಗೆ ನೆಲದೊಳಗೆ ಅಡ್ಡಡ್ಡ ಹಬ್ಬುವ ಕಾಂಡ. ವರ್ಷಕ್ಕೊಂದು ರಾಜ್ಯೋತ್ಸವದಲ್ಲಿ ಮಕ್ಕಳಿಂದ ಹಾಡಿಸುವುದು ಒಳ್ಳೆಯದೇ, ನಾನೂ ಹಾಡಿಸುತ್ತೇನೆ. ಆದರೆ ಉಳಿಸುವುದು ಅದಲ್ಲ. "ಗಂಟು, ಟೊಳ್ಳು, ಒರಟು" ಎಂಬ ಮೂರು ಪದ ಮಗಳಿಗೆ ಬಂದದ್ದು ಯಾರಿಗೂ ಕಾಣದ ಒಂದು ಭಾನುವಾರದ ಫೋನಿನಲ್ಲಿ.

ನೀವೂ ಮಾಡಿನೋಡಬಹುದು. ಬ್ರಿಟನ್, ಜರ್ಮನಿ, ಕೆನಡಾ, ಅಮೆರಿಕದಲ್ಲಿರುವವರಿಗೆ ಹೊಲದ ಕುದುರೆಬಾಲ ರಸ್ತೆಬದಿ, ರೈಲುದಾರಿಯ ಬದಿ, ತೋಟದಲ್ಲೇ ಸಿಗುತ್ತದೆ. ಬ್ರಿಟನ್ನಿನಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಅದರ ಕಂದು ಶಂಕುವನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಹಸಿರು ಪುಡಿ ಉದುರುತ್ತದೆ. ಮಕ್ಕಳ ಮೈಕ್ರೋಸ್ಕೋಪಿನಡಿ ಇಟ್ಟು ಮೆಲ್ಲಗೆ ಉಸಿರು ಬಿಡಿ. ಪ್ರತಿ ಬೀಜಾಣುವಿನ ನಾಲ್ಕು ರಿಬ್ಬನ್ನುಗಳು ತೇವಕ್ಕೆ ಸುತ್ತಿಕೊಂಡು, ಒಣಗಿದಾಗ ಬಿಚ್ಚಿಕೊಂಡು, ಬೀಜಾಣುಗಳು ನಡೆಯುತ್ತವೆ, ಒಮ್ಮೊಮ್ಮೆ ಜಿಗಿಯುತ್ತವೆ. ಬಾಯಿಗೆ ಮಾತ್ರ ಹಾಕಿಕೊಳ್ಳಲು ಬಿಡಬೇಡಿ, ಕೆಲವು ಜಾತಿಗಳು ವಿಷಕಾರಿ. ಆಸ್ಟ್ರೇಲಿಯಾದಲ್ಲಿ ಕುದುರೆಬಾಲ ಸ್ಥಳೀಯವಲ್ಲ, ಬೆಳೆಸುವುದಕ್ಕೂ ನಿರ್ಬಂಧವಿದೆ. ಅಲ್ಲಿನವರಿಗೆ ಕಡಲತೀರದ ಸರ್ವೆ ಮರವೇ ಸಾಕು.

ನೋಡಿದ್ದನ್ನು ಊರಿನಲ್ಲಿರುವ ಒಬ್ಬರಿಗೆ ಫೋನಿನಲ್ಲಿ ಬಾಯಿಮಾತಿನಲ್ಲೇ ವರ್ಣಿಸಲು ಹೇಳಿ. ಫೋಟೋ ಆಮೇಲೆ ಕಳಿಸಿದರಾಯಿತು. ನೀವು ನಡುವೆ ಬಂದು ಅನುವಾದ ಮಾಡಬೇಡಿ, ಪದ ಹುಡುಕಿಕೊಡುವ ಕೆಲಸ ಅಜ್ಜಿಯರಿಗೆ ಬಿಡಿ. ಸಿಕ್ಕಿದ್ದು ಅಪರೂಪದ ಗಿಡವಾದರೆ ಕೀಳದೆ, ಜಾಗದ ಗುರುತನ್ನು ಇಂಟರ್ನೆಟ್ಟಿನಲ್ಲಿ ಹಾಕದೆ, ಚಿತ್ರ ಬರೆದುಕೊಂಡು ಬನ್ನಿ.

ಮಗಳ ಪೋಸ್ಟರ್ ಶಾಲೆಯ ಗೋಡೆ ಏರಿತು. ಮೂಲೆಯಲ್ಲಿ ಚಿಕ್ಕದಾಗಿ, ಸೊಟ್ಟ ಅಕ್ಷರದಲ್ಲಿ ಕನ್ನಡದಲ್ಲಿ ಕುದುರೆಬಾಲ ಎಂದು ಬರೆದಿದ್ದಳು. ನಾನು ಹೇಳಿರಲಿಲ್ಲ. ಗೇಟಿನ ಹತ್ತಿರ ಈಗಲೂ ಕೆಲವು ದಿನ ಕನ್ನಡ ಬೇಡ ಅನ್ನುತ್ತಾಳೆ, ನಾನೂ ಒತ್ತಾಯಿಸುವುದಿಲ್ಲ. ಕಾರಿನ ಬಾಗಿಲು ಹಾಕಿದ ಕೂಡಲೇ ಶುರುವಾಗುತ್ತದೆ: "ಅಮ್ಮಾ, ಇವತ್ತು ಏನಾಯ್ತು ಗೊತ್ತಾ?"