ಅಗೆದಷ್ಟೂ ಕಳೆ

ಕೈತೋಟದ ಕಳೆಗೆ ಗುದ್ದಲಿ ಹಿಡಿಯುವ ಮೊದಲು ಸ್ವಲ್ಪ ಯೋಚಿಸಬೇಕು. ಎಷ್ಟೋ ಕಳೆಗಳ ಸಣ್ಣ ಬೀಜ ಮಣ್ಣಿನಡಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದು, ಬೆಳಕು ಸೋಕಿದೊಡನೆ ಮೊಳೆಯುತ್ತದೆ. ಅಗೆದಾಗ ನಾವೇ ಅದನ್ನು ಮೇಲಕ್ಕೆ ತರುತ್ತೇವೆ. ಅದರ ಬದಲು ಗಿಡಗಳ ನಡುವೆ 3–4 ಅಂಗುಲ ತರಗೆಲೆಯನ್ನೋ ಭತ್ತದ ಹುಲ್ಲನ್ನೋ ಹೊದಿಸಿದರೆ ಬೆಳಕು ತಪ್ಪುತ್ತದೆ, ತೇವವೂ ಉಳಿಯುತ್ತದೆ. ಗೆದ್ದಲು ಬಂದೀತೆಂಬ ಆತಂಕ ಸುಳ್ಳಲ್ಲ. ಆದರೆ ಅದು ಹೆಚ್ಚಾಗಿ ಒಣಗಿದ್ದನ್ನೇ ತಿನ್ನುತ್ತದೆ, ಹೊದಿಕೆ ಕಾಂಡದಿಂದ ನಾಲ್ಕು ಬೆರಳು ದೂರವಿದ್ದರೆ ಒಳ್ಳೆಯದು. ಜೇಕಿನ ಮಾತು ಬೇರೆ. ಅದರ ಚೂಪು ಮೊಳಕೆ ಹೊದಿಕೆಯನ್ನೂ ತೂರಿ ಬರುತ್ತದೆ. ಎಳೆದರೆ ಎಲೆಯಷ್ಟೇ ಕೈಗೆ ಬಂದು ಗೆಡ್ಡೆ ಒಳಗೇ ಉಳಿಯುತ್ತದೆ. ಅದನ್ನು ಮಾತ್ರ ಮಳೆಯ ಮರುದಿನ, ಮಣ್ಣು ಮೆದುವಾಗಿರುವಾಗ, ಬುಡ ಸಡಿಲಿಸಿ ಗೆಡ್ಡೆಸಮೇತ ಕೀಳಬೇಕು. ಪಾರ್ಥೇನಿಯಂ ಕಂಡರೆ ಹೂಬಿಡುವ ಮೊದಲೇ ಕೈಗವಸು ಹಾಕಿ ಕಿತ್ತುಬಿಡಿ, ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ.