ಅಡಿಕೆತೋಟದ ನೆರಳಿನ ಜಾಯಿಕಾಯಿ

ಬದಿಯಡ್ಕದಿಂದ ಪೆರ್ಲದತ್ತ ಸಾಗುವ ಹಾದಿಯ ಉದ್ದಕ್ಕೂ ಮುರಕಲ್ಲಿನ ಗುಡ್ಡಗಳು. ಅವುಗಳ ತಗ್ಗಿನಲ್ಲಿ ಅಡಿಕೆತೋಟಗಳು. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ನೀರು ಸಣ್ಣಗೆ ಹರಿದುಬಂದು ತೋಟದ ಕೆರೆಯನ್ನು ಸೇರುತ್ತದೆ. ಕಂಗುಗಳ ಸಾಲಿನ ನಡುವೆ ಅಲ್ಲಲ್ಲಿ ಎಲೆ ತುಂಬಿ ನಿಂತಿರುವ ಕಡುಹಸುರಿನ ಮರವೇ ಜಾಯಿಕಾಯಿ. ಅದರ ತವರು ಇಂಡೋನೇಷ್ಯದ ಬಾಂದಾ ದ್ವೀಪಗಳು. ಆದರೂ ಈ ನೆರಳು, ಈ ತೇವ ಅದಕ್ಕೆ ಚೆನ್ನಾಗಿ ಒಗ್ಗಿವೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡ ಕಾಸರಗೋಡಿನ ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಇದನ್ನು ಮಿಶ್ರಬೆಳೆಯಾಗಿ ಬೆಳೆಯಬಹುದೆಂದು ತೋರಿಸಿಕೊಟ್ಟಿದೆ.

ನಿದ್ದೆಗೆ ಕೇಸರಿಹಾಲು ಕುಡಿಯಬೇಕೆಂಬ ಮಾತು ಈಗ ಹಳ್ಳಿಯ ಅಂಗಡಿಗೂ ತಲುಪಿದೆ. ಕೇಸರಿ ಈ ಮಣ್ಣಿನದಲ್ಲ. ಕಾಶ್ಮೀರದ ಪಾಂಪೋರಿನ ಚಳಿಯಲ್ಲಿ ಗಡ್ಡೆಯಿಂದ ಅರಳುವ ಹೂವಿನ ಮೂರೇ ಎಳೆಗಳು ಅವು. ಒಂದು ಕಿಲೋಗ್ರಾಂ ಕೇಸರಿಗೆ ಸುಮಾರು 1.5 ಲಕ್ಷ ಹೂಗಳು ಬೇಕು. ಅದರಿಂದ ನಿದ್ರೆ ತುಸು ಸುಧಾರಿಸಿದ್ದು ಕೆಲವು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಅದಕ್ಕಿಂತ ಹೆಚ್ಚಿನದನ್ನು ಹೇಳಲು ಆಧಾರ ಸಾಲದು. ಬೆಲೆ ಏರಿದಷ್ಟೂ ಕಲಬೆರಕೆಯೂ ಏರುವುದು ಲೋಕರೂಢಿ. ನೀರಿಗೆ ಹಾಕಿದೊಡನೆ ಕೆಂಪು ಬಿಟ್ಟು ಎಳೆ ಬಿಳಿಚಿಕೊಂಡರೆ ಅದು ಬಣ್ಣ ಹಚ್ಚಿದ ನಾರು. ನಿಜ ಕೇಸರಿ ನಿಧಾನವಾಗಿ ಹೊನ್ನಿನ ಹಳದಿಯನ್ನು ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಡಬ್ಬಿಯ ಮೇಲೆ ಅಚ್ಚಾದುದೆಲ್ಲ ಸಾಕ್ಷ್ಯವಾಗದು.

ಇಲ್ಲಿನ ಮನೆಗಳಲ್ಲಿ ನಿದ್ದೆಗೆ ನೆನಪಾಗುತ್ತಿದ್ದುದು ತಿಮರೆಯ ತಂಬುಳಿ, ಇಲ್ಲವೇ ಜಾಯಿಕಾಯಿ. (ಮಜ್ಜಿಗೆಯ ತಂಬುಳಿ ಉಂಡ ಮಧ್ಯಾಹ್ನ ಚಾಪೆಯನ್ನು ಹುಡುಕದವರು ವಿರಳ, ಅದರ ಕೀರ್ತಿಯೆಲ್ಲ ತಿಮರೆಗೇ ಸಲ್ಲಬೇಕೇ ಎಂಬುದು ಬೇರೆ ಪ್ರಶ್ನೆ.) ಅಜ್ಜಿಯಂದಿರು ಇಡೀ ಜಾಯಿಕಾಯಿಯನ್ನು ತೇಯುವ ಕಲ್ಲಿನ ಮೇಲೆ ಹಾಲಿನಲ್ಲಿ ಎರಡು ಸುತ್ತು ಉಜ್ಜಿ ನಿಲ್ಲಿಸುತ್ತಿದ್ದರು. ಅಳತೆ ಆ ಕಲ್ಲಿನಲ್ಲಿಯೇ ಇತ್ತು. ಕಾಯಿ ಗಟ್ಟಿ, ಇಳಿಯುತ್ತಿದ್ದುದು ಕಣದಷ್ಟು. ಇಂದು ಮಿಕ್ಸಿಯಲ್ಲಿ ಪುಡಿಯಾದ ಜಾಯಿಕಾಯಿ ಚಮಚಕ್ಕೆ ಸಿಗುತ್ತದೆ. ಅದರಲ್ಲಿರುವ ಮಿರಿಸ್ಟಿಸಿನ್ ಎಂಬ ದ್ರವ್ಯ ಹೆಚ್ಚಾದರೆ ಬಾಯಿ ಒಣಗಿ, ಎದೆ ಬಡಿತ ಏರಿ, ವಾಂತಿ, ಭ್ರಮೆ ತಲೆದೋರುತ್ತವೆ. ಸುಮಾರು 5 ಗ್ರಾಂ ಪುಡಿ ದೊಡ್ಡವರನ್ನೂ ಆಸ್ಪತ್ರೆಗೆ ಸೇರಿಸಬಲ್ಲದು. ಪರೀಕ್ಷೆಯ ದಿನಗಳಲ್ಲಿ ನಿದ್ದೆಗೆಟ್ಟ ಮಕ್ಕಳಿಗೆ ಅಂದಾಜಿನಿಂದ ಹಾಲಿಗೆ ಬೆರೆಸಿ ಕೊಡುವುದು ಮದ್ದಲ್ಲ, ಅಪಾಯ. ಹಸುಗೂಸಿನ ಮಾತಂತೂ ಇನ್ನೂ ಸ್ಪಷ್ಟ: ಮೊದಲ 6 ತಿಂಗಳು ಎದೆಹಾಲಲ್ಲದೆ ಬೇರೇನೂ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎರಡು ಸುತ್ತಿನ ಲೆಕ್ಕವೂ ಅಲ್ಲಿ ಬೇಡ.

ಕೊಯ್ಲಿನ ಭರ ಜೂನ್‌ನಿಂದ ಆಗಸ್ಟ್‌ವರೆಗೆ, ಎಂದರೆ ಜಡಿಮಳೆಯ ಕಾಲ. ಹಣ್ಣು ಮರದಲ್ಲೇ ಬಿರಿದು, ಕಪ್ಪು ಓಡಿಗೆ ಬಲೆಯಂತೆ ಹೆಣೆದುಕೊಂಡ ಕೆಂಪು ಜಾಯಿಪತ್ರೆ ಹೊರಗೆ ಇಣುಕುತ್ತದೆ. ಬಿಸಿಲಿಲ್ಲದುದರಿಂದ ಪತ್ರೆಯನ್ನು ಬಿಡಿಸಿ ಒಲೆಯ ಕಾವಿಗೆ ಹರಡುತ್ತಾರೆ. ಒಣಗುತ್ತ ಅದರ ಕೆಂಪು ಮೆಲ್ಲನೆ ಮಾಸಿ ಹಳದಿಗೆ ತಿರುಗುತ್ತದೆ.