ಹತ್ತರಲ್ಲೊಂದಳತೆಯ ಪದ್ಮಿನಿ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿ ನಲವತ್ತು ಕಿಲೋಮೀಟರಿಗೂ ಕಡಿಮೆ. ಎರಡೂ ಬದಿಗೆ ಜೋಳ, ತೊಗರಿ, ನಡುನಡುವೆ ಕಬ್ಬು. ಅಂಗಡಿಗಳ ಫಲಕ ಮರಾಠಿ, ಚಹದಂಗಡಿಯ ಮಾತು ಕನ್ನಡ. ಈ ದಾರಿಯಲ್ಲಿ ನಮ್ಮ ತಂದೆಯವರು ಹದಿನಾರು ವರ್ಷ ಪ್ರೀಮಿಯರ್ ಪದ್ಮಿನಿ ಕಾರನ್ನು ಓಡಿಸಿದರು. ಗಡಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಅವರು ಶಿಕ್ಷಕರಾಗಿದ್ದರು. ಜೂನ್ ಬಂದಿತೆಂದರೆ ಡಿಕ್ಕಿಯ ತುಂಬ ಪಠ್ಯಪುಸ್ತಕಗಳ ಕಟ್ಟು. ಆ ಕಾರು ಗುಜರಿಗೆ ಹೋಗಿ ಬಹುಕಾಲವಾಯಿತು. ತಂದೆಯವರ ಕಣ್ಣಿಗೂ ಈಗ ಬೆಳಕು ನೆರಳಿನ ವ್ಯತ್ಯಾಸವಷ್ಟೇ ಉಳಿದಿದೆ. ಅವರ ಕೈಗಾದರೂ ಕಾರು ಸಿಕ್ಕಲೆಂದು ಅದರ ಮಾದರಿಯೊಂದನ್ನು ಮಾಡಲು ಈ ಬೇಸಿಗೆಯಲ್ಲಿ ತೊಡಗಿದೆ.

ಪದ್ಮಿನಿಗೂ ನಮ್ಮ ಸೊಲ್ಲಾಪುರಕ್ಕೂ ನಂಟುಂಟು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದ ವಾಲಚಂದ ಹಿರಾಚಂದರು 1882ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಮುಂಬಯಿಯ ಕುರ್ಲಾದಲ್ಲಿ, ಇಟಲಿಯ ಫಿಯಟ್ 1100ರ ನಕ್ಷೆಯಂತೆ ತಯಾರಾಗುತ್ತಿದ್ದ ಕಾರಿಗೆ ಎಪ್ಪತ್ತರ ದಶಕದಲ್ಲಿ ಚಿತ್ತೋಡದ ರಾಣಿಯ ಹೆಸರು ಬಂದಿತು. ನಮ್ಮ ಕಡೆಯ ಜನ ಮಾತ್ರ ಕೊನೆಯವರೆಗೂ ‘ಫಿಯಾಟ್’ ಎಂದೇ ಕರೆದರು.

ಅಳತೆಗೆ ಒಂದು ಪದ್ಮಿನಿ ಬೇಕಿತ್ತು. ಅಕ್ಕಲಕೋಟೆಯ ಗ್ಯಾರೇಜೊಂದರ ಹಿತ್ತಿಲಲ್ಲಿ, ಬೇವಿನ ಮರದಡಿ, ಗಾಲಿಯಿಲ್ಲದೆ ಇಟ್ಟಿಗೆಗಳ ಮೇಲೆ ಅದು ನಿಂತಿತ್ತು. ಹಿರಿಯ ಮಿಸ್ತ್ರಿಯವರು, “ಗಾಡಿ ಮಾರೂದಿಲ್ರೀ ಸರ. ಅಳತಿ ಎಷ್ಟ ಬೇಕಾರ ತಗೋರಿ,” ಎಂದರು. ಉದ್ದ 3.93 ಮೀಟರ್, ಗಾಲಿಯಿಂದ ಗಾಲಿಗೆ 2.34 ಮೀಟರ್. ಉದ್ದ ಅಗಲ ಟೇಪಿಗೆ ಸಿಗುತ್ತವೆ. ಬಾನೆಟ್ಟಿನ ಬಾಗು ಸಿಗುವುದಿಲ್ಲ. ಮೆತ್ತನೆಯ ತಂತಿಯನ್ನು ತಗಡಿನ ಮೇಲೆ ಒತ್ತಿ ಬಾಗಿಸಿ, ಅದನ್ನು ಹಾಗೆಯೇ ಎತ್ತಿ ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡೆ. ಇಂಥ ಮೂವತ್ತು ಗೆರೆಗಳಾಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಅಂಗಡಿಯಲ್ಲಿ ದೊರೆಯುವ ಆಟಿಕೆಯ ಕಾರುಗಳು ತೀರ ಚಿಕ್ಕವು. ಕಿಟಕಿಯೊಳಗೆ ಬೆರಳು ಹೋಗಬೇಕಾದುದರಿಂದ ನಾನು ಹತ್ತರಲ್ಲೊಂದು ಅಳತೆಯನ್ನು ಆರಿಸಿಕೊಂಡೆ: ಉದ್ದ 39.3 ಸೆಂಟಿಮೀಟರ್. ಶಾಲೆಯ ಮಕ್ಕಳು ಇಲ್ಲೊಂದು ಲೆಕ್ಕ ಗಮನಿಸಬಹುದು. ಉದ್ದ ಹತ್ತು ಪಟ್ಟು ಕುಗ್ಗಿದರೆ ತೂಕ ಸಾವಿರ ಪಟ್ಟು ಕುಗ್ಗುತ್ತದೆ. ಸುಮಾರು 900 ಕಿಲೋದ ಕಾರು ಅದೇ ವಸ್ತುಗಳಲ್ಲಿ 900 ಗ್ರಾಂ ಆದೀತು. ಒಂದು ಮಿಲಿಮೀಟರಿನ ತಗಡು ಕಾಗದದಷ್ಟು ತೆಳುವಾಗುತ್ತದೆ. ಹಾಗೆ ಮಾಡಿದರೆ ಮುಟ್ಟಿದೊಡನೆ ಕುಸಿದೀತು. ಆದ್ದರಿಂದ ದಪ್ಪ ರಟ್ಟಿನ ಹಂದರ, ಅದರ ಮೇಲೆ ಅಂಟಿನಲ್ಲಿ ಅದ್ದಿದ ಕಾಗದದ ಪಟ್ಟಿಗಳ ಹತ್ತಾರು ಪದರ. ಅಚ್ಚಿಗೆ ಸೈಕಲ್ ಕಡ್ಡಿ, ಟಾಯರಿಗೆ ಸೈಕಲ್ ಟ್ಯೂಬಿನ ರಬ್ಬರು. ಬಣ್ಣಕ್ಕೆ ಹೆಚ್ಚು ಸಮಯ ಕೊಡಲಿಲ್ಲ. ಬಾಗಿಲ ಹಿಡಿಕೆ, ಮುಂದಿನ ಜಾಲರಿ, ಹಿಂಬದಿಯ ರೆಕ್ಕೆಯಂಥ ಅಂಚು, ಮುಂಗಿಟಕಿಯ ಪಕ್ಕದ ತ್ರಿಕೋನ ಚೌಕಟ್ಟು — ಬೆರಳಿಗೆ ತಗಲುವ ಇವನ್ನು ಮಾತ್ರ ಉಬ್ಬಾಗಿ, ಗಟ್ಟಿಯಾಗಿ ಮಾಡಿದೆ. ಗಾಜು ಕೂರಿಸಲಿಲ್ಲ.

ಕಳೆದ ವಾರ ಅದನ್ನು ತಂದೆಯವರ ಮಡಿಲಲ್ಲಿಟ್ಟೆ. ಅವರು ಮೊದಲು ಬಾನೆಟ್ ಸವರಿದರು. ಬೆರಳು ತ್ರಿಕೋನ ಚೌಕಟ್ಟಿನ ಬಳಿ ತಡೆಯಿತು. “ಇದನ್ನ ತೆರದ್ರ ಗಾಳಿ ನಿಮ್ಮವ್ವನ ಮಾರಿಗೇ ಬಡೀತಿತ್ತು,” ಎಂದರು. ಅನಂತರ ಡಿಕ್ಕಿಯ ಅಗಲವನ್ನು ಎರಡು ಬೆರಳಿನಿಂದ ಅಳೆದು, ನಾಲ್ಕನೆಯ ತರಗತಿಯ ಕಟ್ಟು ಎಲ್ಲಿ, ಏಳನೆಯದು ಎಲ್ಲಿ ಇಡುತ್ತಿದ್ದರೆಂದು ತೋರಿಸಿದರು. ಕೊನೆಗೆ ಕಿರುಬೆರಳು ಕಿಟಕಿಯೊಳಗೆ ಹೋಗಿ ಸ್ಟಿಯರಿಂಗಿನ ಕೆಳಗೆ ತಡಕಾಡಿತು.

“ಗೇರ್ ಎಲ್ಲೈತೊ?”

ಪದ್ಮಿನಿಯ ಗೇರ್ ಹಿಡಿ ಇರುತ್ತಿದ್ದುದು ಸ್ಟಿಯರಿಂಗಿನ ಕಂಬಕ್ಕೇ. ಅದು ಕೊನೆಯ ಕೆಲಸವೆಂದು ಬಾಕಿ ಉಳಿಸಿದ್ದೆ. ಈಗ ಸೈಕಲ್ ಕಡ್ಡಿಯ ತುಂಡೊಂದನ್ನು ಬಾಗಿಸುತ್ತಿದ್ದೇನೆ. ಅದು ನಾಲ್ಕೂ ಗೇರಿಗೆ ಹೊರಳಬೇಕೆಂದು ಅವರ ಅಪ್ಪಣೆಯಾಗಿದೆ.